ತಿರುಚಿದ್ದೋ, ತಾನಾಗಿ ವಾಲಿದ್ದೋ?

(ಅನುವಾದ ಮಾಡುವವರು ಮತ್ತು ಸುದ್ದಿ ಬರೆಯುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡು ಇಂಗ್ಲಿಷ್ ವಾಕ್ಯಗಳಿಂದ ಶುರು ಮಾಡೋಣ. ಒಂದು ಸಮೀಕ್ಷೆಯ ಬಗ್ಗೆ ಒಬ್ಬರು ಹೇಳುತ್ತಾರೆ: ‘ದ ಡೇಟಾ ಈಸ್ ಸ್ಕ್ಯೂಡ್.’ ಇನ್ನೊಬ್ಬರು ಹೇಳುತ್ತಾರೆ: ‘ದ ಡೇಟಾ ವಾಸ್ ಡಾಕ್ಟರ್ಡ್.’ ಇವನ್ನು ಅವಸರದಲ್ಲಿ ಕನ್ನಡಕ್ಕೆ ತರುವವರು ಏನು ಬರೆಯುತ್ತಾರೆ? ‘ಅಂಕಿ ಅಂಶ ತಿರುಚಲಾಗಿದೆ.’ ಎರಡಕ್ಕೂ ಅದೇ. ಆದರೆ ಮೊದಲ ವಾಕ್ಯ ಯಾರನ್ನೂ ದೂರುವುದಿಲ್ಲ. ಮಾಹಿತಿ ಒಂದು ಕಡೆಗೆ ವಾಲಿದೆ ಅನ್ನುತ್ತದೆ, ಅಷ್ಟೆ. ಎರಡನೆಯದು ನೇರ ಆರೋಪ. ಯಾರೋ ಕೂತು, ಬೇಕೆಂದೇ ಅಂಕಿಗಳನ್ನು ಬದಲಿಸಿದ್ದಾರೆ ಅನ್ನುತ್ತದೆ. ಮೊದಲನೆಯದನ್ನು ಎರಡನೆಯದರ ಹಾಗೆ ಬರೆದರೆ ಸಮೀಕ್ಷೆ ಮಾಡಿದವರು ಸುಮ್ನೆ ಕಳ್ಳರಾಗಿಬಿಡುತ್ತಾರೆ.

ಇಂಗ್ಲಿಷಿನಲ್ಲಿ ಈ ಜಾತಿಯ ಪದಗಳು ತುಂಬಾ ಇವೆ. ಬಯಾಸ್, ಸ್ಕ್ಯೂ, ಸ್ಲ್ಯಾಂಟ್, ಡಿಸ್ಟಾರ್ಟ್, ವಾರ್ಪ್, ಸ್ಪಿನ್, ಗಾರ್ಬಲ್, ಕುಕ್, ಡಾಕ್ಟರ್, ಫಡ್ಜ್, ರಿಗ್. ಸಮಾನಾರ್ಥಕ ಪದಗಳ ಪುಸ್ತಕ ತೆಗೆದರೆ ಇವೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ಆ ಸಾಲು ನೋಡಿಯೇ ನಾವು ಮೋಸ ಹೋಗುವುದು. ಒಂದರ ಬದಲು ಇನ್ನೊಂದನ್ನು ಹಾಕಬಹುದು ಅನ್ನಿಸುತ್ತದೆ. ಹಾಕಲು ಆಗುವುದಿಲ್ಲ. ಇವುಗಳಲ್ಲಿ ನಾನು ಮೊದಲು ನೋಡುವುದು ಒಂದೇ ವಿಷಯ: ಈ ಪದದ ಹಿಂದೆ ಒಬ್ಬ ಮನುಷ್ಯನ ಕೈ ಇದೆಯಾ, ಇಲ್ವಾ? ಇದ್ದರೆ ಆ ಕೈ ಏನು ಮಾಡಿತು? ಸೇರಿಸಿತಾ, ತೆಗೆಯಿತಾ, ಬರೀ ವಾಲಿಸಿತಾ?

ಬಯಾಸ್‌ನಿಂದಲೇ ಹೊರಡೋಣ. ಎಲ್ಲರ ಬಾಯಲ್ಲೂ ಇರುವ ಪದ. ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದಕ್ಕೆ ಓರೆ ಅಂತ ಅರ್ಥ. ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ. ಬೇಗನೇ ಅದು ಲಾನ್ ಬೌಲ್ಸ್ ಅನ್ನುವ ಆಟದ ಮಾತಾಯಿತು. ಹುಲ್ಲಿನ ಮೇಲೆ ಚೆಂಡು ಉರುಳಿಸಿ, ದೂರದಲ್ಲಿರುವ ಒಂದು ಸಣ್ಣ ಬಿಳಿ ಚೆಂಡಿನ ಹತ್ತಿರ ನಿಲ್ಲಿಸುವ ಆಟ. ಇದರ ಚೆಂಡು ಪೂರ್ತಿ ಗುಂಡಗಿರುವುದಿಲ್ಲ. ಒಂದು ಪಕ್ಕದ ಆಕಾರ ಇನ್ನೊಂದು ಪಕ್ಕದಂತಿಲ್ಲ. ಹಿಂದೆ ಒಂದು ಕಡೆ ಸೀಸ ಸೇರಿಸಿ ಭಾರ ಮಾಡುತ್ತಿದ್ದದ್ದೂ ಉಂಟು. ಹಾಗಾಗಿ ಚೆಂಡು ನೇರವಾಗಿ ಹೋಗದೆ ಬಾಗಿ ಹೋಗುತ್ತದೆ. ವೇಗ ಇರುವಾಗ ಬಾಗು ಕಡಿಮೆ. ವೇಗ ತಗ್ಗಿದಂತೆ ಬಾಗು ಜಾಸ್ತಿ. ಆ ಬಾಗಿಗೇ ಬಯಾಸ್ ಅಂತ ಹೆಸರು.

ಇಲ್ಲಿ ಒಂದು ವಿಷಯ ನೋಡಿ. ಆ ಆಟದಲ್ಲಿ ಬಯಾಸ್ ಮೋಸ ಅಲ್ಲ. ಚೆಂಡು ಯಾವ ಕಡೆಗೆ ಬಾಗುತ್ತದೆ ಅಂತ ಅದರ ಮೇಲೇ ಗುರುತು ಇರುತ್ತದೆ. ಎದುರಾಳಿಗೂ ಗೊತ್ತು, ಆಡುವವನಿಗೂ ಗೊತ್ತು. ಅದನ್ನು ಲೆಕ್ಕಕ್ಕೆ ಹಿಡಿದೇ ಗುರಿ ಇಡುತ್ತಾರೆ. ಶೇಕ್ಸ್‌ಪಿಯರ್ ಕಾಲಕ್ಕೆ ಪದ ಆಟದಿಂದ ಮನಸ್ಸಿಗೆ ದಾಟಿತ್ತು. ಅವನ ನಾಟಕವೊಂದರಲ್ಲಿ ಪಾತ್ರವೊಂದು ಸ್ವಲಾಭವನ್ನೇ ಲೋಕದ ಬಯಾಸ್ ಅಂತ ಕರೆಯುತ್ತದೆ. ನೆಟ್ಟಗೆ ಉರುಳಬೇಕಾದ ಲೋಕವನ್ನು ಪಕ್ಕಕ್ಕೆ ಎಳೆಯುವ ಭಾರ ಅದು ಅಂತ. ಆಟ ಗೊತ್ತಿದ್ದ ಪ್ರೇಕ್ಷಕರಿಗೆ ಆ ಮಾತು ತಕ್ಷಣ ತಟ್ಟಿರಬೇಕು.

ಆಮೇಲೆ ಈ ಪದ ಎಲ್ಲೆಲ್ಲಿಗೆ ಹೋಯಿತು ನೋಡಿ. ದರ್ಜಿಗಳ ಕೈಯಲ್ಲಿ ಬಯಾಸ್ ಅಂದರೆ ಬಟ್ಟೆಯ ಎಳೆಗೆ 45 ಡಿಗ್ರಿ ಓರೆ. ಹಾಗೆ ಕತ್ತರಿಸಿದ ಬಟ್ಟೆ ಸ್ವಲ್ಪ ಹಿಗ್ಗುತ್ತದೆ, ಮೈಗೆ ಒಪ್ಪಿ ಬೀಳುತ್ತದೆ. ಪ್ಯಾರಿಸ್ಸಿನ ಮ್ಯಾಡ್ಲೀನ್ ವಿಯೊನೆ 1920ರ ದಶಕದಲ್ಲಿ ಹೆಸರು ಮಾಡಿದ್ದೇ ಈ ಕತ್ತರಿಯಿಂದ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಯಾಸ್ ಅಂದರೆ ಟ್ರಾನ್ಸಿಸ್ಟರ್ ಸರಿಯಾಗಿ ಕೆಲಸ ಮಾಡಲಿ ಅಂತ ಮೊದಲೇ ಕೊಟ್ಟಿರುವ ಒಂದು ಸ್ಥಿರ ವೋಲ್ಟೇಜ್. ಹಳೆಯ ಟೇಪ್ ರೆಕಾರ್ಡರ್‌ಗಳಲ್ಲಿ ಇನ್ನೂ ತಮಾಷೆ ಇದೆ. ದನಿಯ ಜೊತೆ ಕಿವಿಗೆ ಕೇಳದಷ್ಟು ಎತ್ತರದ ಒಂದು ಸಿಗ್ನಲ್ ಬೆರೆಸಿ ಟೇಪಿಗೆ ಹಾಕುತ್ತಿದ್ದರು. ಅದರ ಹೆಸರೂ ಬಯಾಸ್. ಯಾಕೆ ಬೆರೆಸುತ್ತಿದ್ದರು? ಅದಿಲ್ಲದಿದ್ದರೆ ದನಿ ಡಿಸ್ಟಾರ್ಟ್ ಆಗುತ್ತಿತ್ತು. ಅಂದರೆ ಅಲ್ಲಿ ಡಿಸ್ಟಾರ್ಷನ್ ಹೋಗಲಾಡಿಸಲು ಬಯಾಸ್ ಬೇಕು! ಸಮಾನಾರ್ಥಕ ಪದಗಳ ಪುಸ್ತಕ ಈ ಎರಡನ್ನೂ ಅಕ್ಕಪಕ್ಕ ಕೂರಿಸಿದೆ ಅನ್ನುವುದನ್ನು ಮರೆಯಬೇಡಿ.

ಸಂಖ್ಯಾಶಾಸ್ತ್ರದವರ ಬಯಾಸ್ ಬೇರೆ. ಅದು ಸುದ್ದಿ ಬರೆಯುವವರಿಗೆ ಮುಖ್ಯ. ಒಂದು ತಕ್ಕಡಿ ಯಾವಾಗಲೂ 200 ಗ್ರಾಂ ಜಾಸ್ತಿ ತೋರಿಸುತ್ತದೆ ಅಂತ ಇಟ್ಟುಕೊಳ್ಳಿ. ಇನ್ನೊಂದು ತಕ್ಕಡಿ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ, ಮನಸ್ಸು ಬಂದ ಹಾಗೆ ತೋರಿಸುತ್ತದೆ. ಎರಡೂ ತಪ್ಪೇ. ಆದರೆ ಮೊದಲನೆಯದಕ್ಕೆ ಮಾತ್ರ ಬಯಾಸ್ ಅನ್ನುತ್ತಾರೆ. ತಪ್ಪು ಒಂದೇ ದಿಕ್ಕಿಗೆ ಇದ್ದರೆ ಬಯಾಸ್. ಎತ್ತೆತ್ತಲೋ ಚದುರಿದ್ದರೆ ಅಲ್ಲ. ಎರಡನೆಯ ತಕ್ಕಡಿಯಲ್ಲಿ ನೂರು ಸಲ ತೂಗಿ ಸರಾಸರಿ ತೆಗೆದರೆ ನಿಜದ ಹತ್ತಿರ ಬರಬಹುದು. ಮೊದಲನೆಯದರಲ್ಲಿ ಸಾವಿರ ಸಲ ತೂಗಿದರೂ ಆ 200 ಗ್ರಾಂ ಹೋಗುವುದಿಲ್ಲ. ಸಮೀಕ್ಷೆ ದೊಡ್ಡದಾದ ಮಾತ್ರಕ್ಕೆ ಬಯಾಸ್ ಕಡಿಮೆ ಆಗುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ 1936ರ ಅಧ್ಯಕ್ಷ ಚುನಾವಣೆ. ನಾನೂ ಅದನ್ನೇ ಕೊಡುತ್ತೇನೆ, ಅಷ್ಟು ಚೆನ್ನಾಗಿದೆ. ಲಿಟರರಿ ಡೈಜೆಸ್ಟ್ ಅನ್ನುವ ವಾರಪತ್ರಿಕೆ ಸುಮಾರು 1 ಕೋಟಿ ಜನರಿಗೆ ಅಂಚೆಯಲ್ಲಿ ಮಾದರಿ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದವು. ಅವನ್ನು ಎಣಿಸಿ, ಲ್ಯಾಂಡನ್ ಗೆಲ್ಲುತ್ತಾರೆ, ರೂಸ್ವೆಲ್ಟ್ ಸೋಲುತ್ತಾರೆ ಅಂತ ಹೇಳಿತು. ನಡೆದದ್ದು ಪೂರ್ತಿ ಉಲ್ಟಾ. 48 ರಾಜ್ಯಗಳಲ್ಲಿ 46 ರೂಸ್ವೆಲ್ಟ್ ಪಾಲಾದವು. ಪತ್ರಿಕೆ ಹೆಸರುಗಳನ್ನು ಹೆಕ್ಕಿದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನು, ಕಾರು ಯಾರ ಬಳಿ ಇದ್ದವು? ಉಳ್ಳವರ ಬಳಿ. ಜೊತೆಗೆ, ಕೂತು ಉತ್ತರ ಬರೆದು ಅಂಚೆಗೆ ಹಾಕಿದವರಲ್ಲಿ ರೂಸ್ವೆಲ್ಟ್ ಮೇಲೆ ಸಿಟ್ಟಿದ್ದವರೇ ಜಾಸ್ತಿ. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಎಷ್ಟೋ ಚಿಕ್ಕ ಸಮೀಕ್ಷೆ ಮಾಡಿ ಗೆಲ್ಲುವವರ ಹೆಸರು ಸರಿಯಾಗಿ ಹೇಳಿದರು.

ಲಿಟರರಿ ಡೈಜೆಸ್ಟ್‌ನವರು ಏನನ್ನೂ ತಿರುಚಿರಲಿಲ್ಲ. ಬಂದ ಚೀಟಿಗಳನ್ನು ಪ್ರಾಮಾಣಿಕವಾಗಿಯೇ ಎಣಿಸಿದರು. ಆದರೂ ಫಲಿತಾಂಶ ಬಯಾಸ್ಡ್. ಇದನ್ನು ‘ಪಕ್ಷಪಾತದ ಸಮೀಕ್ಷೆ’ ಅಂತ ಬರೆದರೆ ಓದುಗರಿಗೆ ಏನನ್ನಿಸುತ್ತದೆ? ಪತ್ರಿಕೆಯವರು ಲ್ಯಾಂಡನ್ ಕಡೆಯವರು ಅಂತ. ಅಲ್ವಾ?

ಈಗ ಸ್ಕ್ಯೂ. ಹಳೆಯ ಫ್ರೆಂಚಿನಲ್ಲಿ ಇದರ ಮೂಲಕ್ಕೆ ತಪ್ಪಿಸಿಕೊಳ್ಳು, ಹಿಂಜರಿ ಅನ್ನುವ ಅರ್ಥ ಇತ್ತು. ಯಾವುದನ್ನಾದರೂ ದೂರ ಇಡು ಅನ್ನಲು ಇಂಗ್ಲಿಷಿನಲ್ಲಿ ‘ಎಸ್ಚ್ಯೂ’ ಅನ್ನುತ್ತಾರಲ್ಲ, ಅದು ಇದರ ಒಡಹುಟ್ಟು. ಎದುರಿಗೆ ಏನೋ ಕಂಡು ಪಕ್ಕಕ್ಕೆ ಸರಿಯುವುದು ಅನ್ನುವಲ್ಲಿಂದ ಓರೆ ಅನ್ನುವ ಅರ್ಥ ಬಂದಿದೆ. ನದಿಯನ್ನೋ ರಸ್ತೆಯನ್ನೋ ಓರೆಯಾಗಿ ದಾಟುವ ಸೇತುವೆಗೆ ಎಂಜಿನಿಯರ್‌ಗಳು ಇವತ್ತಿಗೂ ಸ್ಕ್ಯೂ ಬ್ರಿಡ್ಜ್ ಅಂತಲೇ ಹೇಳುತ್ತಾರೆ. ಆ ಸೇತುವೆಯಲ್ಲಿ ದೋಷ ಏನಿಲ್ಲ. ದಾಟಬೇಕಾದ ಜಾಗ ಹಾಗಿದೆ.

ಅಂಕಿಗಳ ಲೋಕಕ್ಕೆ ಇದನ್ನು ಗಟ್ಟಿಯಾಗಿ ತಂದವರು ಕಾರ್ಲ್ ಪಿಯರ್ಸನ್, 1895ರಲ್ಲಿ. ಜನರ ಎತ್ತರವನ್ನು ಅಳೆದು ಚಿತ್ರ ಬರೆದರೆ ನಡುವೆ ಗುಡ್ಡ, ಎರಡೂ ಕಡೆ ಒಂದೇ ರೀತಿಯ ಇಳಿಜಾರು ಬರುತ್ತದೆ. ಆದಾಯ ಅಳೆದರೆ ಹಾಗೆ ಬರುವುದಿಲ್ಲ. ಕಡಿಮೆ ಆದಾಯದ ಕಡೆ ದೊಡ್ಡ ಗುಡ್ಡೆ, ಜಾಸ್ತಿ ಆದಾಯದ ಕಡೆಗೆ ಉದ್ದನೆಯ ಬಾಲ. ಬಾಲ ಬಲಕ್ಕಿದ್ದರೆ ‘ಬಲಕ್ಕೆ ಸ್ಕ್ಯೂ’ ಅನ್ನುತ್ತಾರೆ. ತುಂಬಾ ಜನ ಇಲ್ಲಿ ಎಡವುತ್ತಾರೆ. ಗುಡ್ಡೆ ಎಡಗಡೆ ಇದೆಯಲ್ಲ ಅಂತ ‘ಎಡಕ್ಕೆ ವಾಲಿದೆ’ ಅಂತ ಬರೆದುಬಿಡುತ್ತಾರೆ. ಲೆಕ್ಕದವರು ನೋಡುವುದು ಬಾಲವನ್ನು.

ಹೀಗೆ ಸ್ಕ್ಯೂ ಆಗಿರುವುದು ತಪ್ಪಲ್ಲ, ಅದು ಆ ಮಾಹಿತಿಯ ಮೈಕಟ್ಟು. ಆದಾಯ ಇರುವುದೇ ಹಾಗೆ. ಅದನ್ನು ನೇರ ಮಾಡಿ ತೋರಿಸಿದರೆ ಅದೇ ಸುಳ್ಳು. ಆದರೆ ಸ್ಕ್ಯೂ ಇರುವ ಕಡೆ ಇನ್ನೊಂದು ಕೆಲಸಕ್ಕೆ ಜಾಗ ಆಗುತ್ತದೆ. ಹತ್ತು ಜನ ಇದ್ದಾರೆ ಅನ್ನಿ. ಒಂಬತ್ತು ಜನರಿಗೆ ತಲಾ 20 ಸಾವಿರ ಆದಾಯ. ಒಬ್ಬರಿಗೆ 8 ಲಕ್ಷದ 20 ಸಾವಿರ. ಕೂಡಿ ಭಾಗಿಸಿದರೆ ಸರಾಸರಿ 1 ಲಕ್ಷ. ಸಾಲಾಗಿ ನಿಲ್ಲಿಸಿ ನಡುವಿನವರ ಆದಾಯ ಕೇಳಿದರೆ 20 ಸಾವಿರ. ಎರಡೂ ನಿಜ. ‘ಇಲ್ಲಿನ ಸರಾಸರಿ ಆದಾಯ 1 ಲಕ್ಷ’ ಅಂತ ಒಬ್ಬರು ಬರೆದರು. ಸುಳ್ಳು ಬರೆದರಾ? ಇಲ್ಲ. ಆದರೆ ಆ ಹತ್ತು ಜನರಲ್ಲಿ 1 ಲಕ್ಷದ ಹತ್ತಿರ ಇರುವವರು ಒಬ್ಬರೂ ಇಲ್ಲ. ಮಾಹಿತಿ ತಾನಾಗಿ ಸ್ಕ್ಯೂ ಆಗಿತ್ತು. ಯಾವ ಅಂಕಿ ತೋರಿಸಬೇಕು ಅಂತ ಆರಿಸಿದ್ದು ಮಾತ್ರ ಒಂದು ಕೈ. ಆ ಕೈ ಮಾಡಿದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಸ್ಲ್ಯಾಂಟ್ ಅಂತ ಹೆಸರು.

ನನಗೆ ಈ ಗುಂಪಿನಲ್ಲೆಲ್ಲ ತುಂಬಾ ಕುತೂಹಲ ಹುಟ್ಟಿಸುವ ಪದ ಸ್ಲ್ಯಾಂಟ್. ಯಾಕೆಂದರೆ ಇದರಲ್ಲಿ ಒಂದೂ ಸುಳ್ಳು ಇರಬೇಕಾಗಿಲ್ಲ. ಎಲ್ಲಾ ನಿಜ, ಎಲ್ಲಾ ಒಂದೇ ಕಡೆಗೆ ಇಳಿಜಾರು. 1982ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಾರ್ಬರಾ ಮೆಕ್‌ನೀಲ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ ಮಾಡಿಸುವುದಾ, ರೇಡಿಯೇಷನ್ ಕೊಡಿಸುವುದಾ ಅನ್ನುವ ಆಯ್ಕೆ. ಆಪರೇಷನ್ ಬಗ್ಗೆ ಕೆಲವರಿಗೆ ‘100ರಲ್ಲಿ 90 ಜನ ಬದುಕುತ್ತಾರೆ’ ಅಂತ ಹೇಳಿದರು. ಉಳಿದವರಿಗೆ ‘100ರಲ್ಲಿ 10 ಜನ ಸಾಯುತ್ತಾರೆ’ ಅಂತ. ಲೆಕ್ಕ ಒಂದೇ. ಆದರೂ ಮೊದಲ ಮಾತು ಕೇಳಿದವರಲ್ಲಿ ಆಪರೇಷನ್ ಆರಿಸಿದವರು ಜಾಸ್ತಿ. ಉತ್ತರ ಕೊಟ್ಟವರಲ್ಲಿ ಡಾಕ್ಟರುಗಳೂ ಇದ್ದರು. ಅವರೂ ಹಾಗೇ ವಾಲಿದರು.

ಸುದ್ದಿಯಲ್ಲಿ ಸ್ಲ್ಯಾಂಟ್ ಬಚ್ಚಿಟ್ಟುಕೊಳ್ಳುವ ಜಾಗ ಕ್ರಿಯಾಪದ. ಇಂಗ್ಲಿಷಿನಲ್ಲಿ ‘ಸೆಡ್’ ಅಂದರೆ ಹೇಳಿದರು. ‘ಕ್ಲೇಮ್ಡ್’ ಅಂದರೆ ಹೇಳಿಕೊಂಡರು, ನಾವು ನಂಬಬೇಕಾಗಿಲ್ಲ. ‘ಅಡ್ಮಿಟೆಡ್’ ಅಂದರೆ ಒಪ್ಪಿಕೊಂಡರು, ಅಂದರೆ ಏನೋ ತಪ್ಪು ಇತ್ತು. ‘ಇನ್ಸಿಸ್ಟೆಡ್’ ಅಂದರೆ ಪಟ್ಟು ಹಿಡಿದರು, ಯಾರೂ ನಂಬುತ್ತಿಲ್ಲ ಅಂತ ಧ್ವನಿ. ಆಡಿದ ಮಾತು ಅದೇ. ಒಂದು ಕ್ರಿಯಾಪದ ಬದಲಾದರೆ ಆಡಿದವರು ಕಟಕಟೆಗೆ ಬಂದು ನಿಲ್ಲುತ್ತಾರೆ. ನಮ್ಮಲ್ಲೂ ಇದೇ ಕಥೆ. ‘ಹೇಳಿದರು’ ಬರೆದು ಬರೆದು ಬೇಜಾರಾಗಿ ‘ಸಮರ್ಥಿಸಿಕೊಂಡರು’, ‘ಜಾರಿಕೊಂಡರು’ ಅಂತ ಹಾಕುತ್ತೇವೆ. ಬರೀ ಚೆಂದಕ್ಕೆ ಹಾಕಿದ್ದು. ಆದರೆ ಇಳಿಜಾರು ಆಗಲೇ ಬಂದುಬಿಟ್ಟಿತು. ಬೇಕೆಂದೇ ಮಾಡದ ಸ್ಲ್ಯಾಂಟ್ ಬೇಕೆಂದು ಮಾಡಿದ್ದಕ್ಕಿಂತ ಜಾಸ್ತಿ ಇದೆ ಅನ್ನುವುದು ನನ್ನ ಅನುಮಾನ.

ಸ್ಪಿನ್ ಹಾಗಲ್ಲ. ಅದು ಪೂರ್ತಿ ಬೇಕೆಂದೇ ಮಾಡುವ ಕೆಲಸ. ಚೆಂಡಿಗೆ ಕೈ ತಿರುವಿ ಸ್ಪಿನ್ ಕೊಡುತ್ತಾರಲ್ಲ, ಅಲ್ಲಿಂದ ಬಂದದ್ದು. 1984ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಎದುರಾಳಿಗಳಾಗಿದ್ದ ರೇಗನ್ ಮತ್ತು ಮಾಂಡೇಲ್ ನಡುವಿನ ಟಿವಿ ಚರ್ಚೆಗಳ ಹೊತ್ತಿಗೆ ‘ಸ್ಪಿನ್ ಡಾಕ್ಟರ್’ ಅನ್ನುವ ಮಾತು ಅಚ್ಚಿಗೆ ಬಂತು. ಚರ್ಚೆ ಮುಗಿದ ಕೂಡಲೇ ಎರಡೂ ಕಡೆಯವರು ವರದಿಗಾರರ ಕೋಣೆಗೆ ನುಗ್ಗಿ, ಗೆದ್ದದ್ದು ನಮ್ಮವರೇ ಅಂತ ವಿವರಿಸುತ್ತಿದ್ದರು. ನಡೆದದ್ದನ್ನು ಯಾರೂ ಬದಲಿಸಲು ಆಗುವುದಿಲ್ಲ, ಎಲ್ಲರೂ ಟಿವಿಯಲ್ಲಿ ನೋಡಿಯಾಗಿದೆ. ನಡೆದದ್ದರ ಅರ್ಥವನ್ನು ಬದಲಿಸಬಹುದು. ಸ್ಪಿನ್ ಅನ್ನುವುದು ಅಷ್ಟಕ್ಕೇ. ಸುಳ್ಳು ಹೇಳಿದವರಿಗೆ ಸ್ಪಿನ್ ಅಂದರೆ ಅವರಿಗೆ ರಿಯಾಯಿತಿ ಕೊಟ್ಟಂತೆ.

ಡಾಕ್ಟರ್ ಅನ್ನುವ ಕ್ರಿಯಾಪದ ಮೊದಲು ಚಿಕಿತ್ಸೆ ಕೊಡುವುದಕ್ಕೇ ಇತ್ತು. ಆಮೇಲೆ ಮುರಿದದ್ದನ್ನು ರಿಪೇರಿ ಮಾಡುವುದಕ್ಕೂ ಬಂತು, ಯಾರಿಗೂ ಗೊತ್ತಾಗದಂತೆ ಬದಲಿಸುವುದಕ್ಕೂ ಬಂತು. ಫೋಟೋ, ದಾಖಲೆ, ರಸೀದಿ ಇವಕ್ಕೆಲ್ಲ ಇದು ಹೊಂದುತ್ತದೆ. ಈ ಪದ ಬರೆಯುವ ಮೊದಲು ಕೈಯಲ್ಲಿ ಸಾಕ್ಷಿ ಇರಬೇಕು.

ಕುಕ್ ಬಗ್ಗೆ ಸ್ವಲ್ಪ ನಿಲ್ಲಬೇಕು. ‘ಕುಕಿಂಗ್ ದ ಬುಕ್ಸ್’ ಅಂದರೆ ಲೆಕ್ಕದ ಪುಸ್ತಕದಲ್ಲಿ ಕೈಚಳಕ, ನಿಮಗೆ ಗೊತ್ತು. ಆದರೆ ವಿಜ್ಞಾನದಲ್ಲಿ ಈ ಪದಕ್ಕೆ ಖಚಿತ ಅರ್ಥ ಕೊಟ್ಟವರು ಚಾರ್ಲ್ಸ್ ಬ್ಯಾಬೇಜ್. ಲೆಕ್ಕ ಮಾಡುವ ಯಂತ್ರಗಳನ್ನು ಕಲ್ಪಿಸಿದ ಅದೇ ಬ್ಯಾಬೇಜ್. 1830ರಲ್ಲಿ ಇಂಗ್ಲೆಂಡಿನ ವಿಜ್ಞಾನ ಇಳಿಮುಖವಾಗಿದೆ ಅಂತ ದೂರಿ ಒಂದು ಪುಸ್ತಕ ಬರೆದರು. ಅದರಲ್ಲಿ ವಿಜ್ಞಾನಿಗಳ ವಂಚನೆಯನ್ನು ನಾಲ್ಕು ಜಾತಿ ಮಾಡಿದರು: ಹೋಕ್ಸಿಂಗ್, ಫೋರ್ಜಿಂಗ್, ಟ್ರಿಮ್ಮಿಂಗ್, ಕುಕಿಂಗ್. ಮೊದಲ ಎರಡು ಬಿಡಿ. ಒಂದು, ಜನರನ್ನು ಬೇಸ್ತು ಬೀಳಿಸುವ ಹುಡುಗಾಟ. ಇನ್ನೊಂದು, ಮಾಡದ ಪ್ರಯೋಗದ ಅಂಕಿಗಳನ್ನು ಹುಟ್ಟಿಸುವುದು. ಮಜಾ ಇರುವುದು ಆಮೇಲಿನ ಎರಡರಲ್ಲಿ.

ಟ್ರಿಮ್ಮಿಂಗ್ ಅಂದರೆ ಕತ್ತರಿಸುವುದು. ಸರಾಸರಿಗಿಂತ ತುಂಬಾ ಮೇಲೆ ಹೋದ ಅಳತೆಗಳಿಂದ ಚೂರು ಚೂರು ಕತ್ತರಿಸಿ, ತುಂಬಾ ಕೆಳಗಿರುವ ಅಳತೆಗಳಿಗೆ ಅಂಟಿಸುವುದು. ಇದರ ಜಾಣತನ ನೋಡಿ. ಸರಾಸರಿ ಒಂದು ಕೂದಲೆಳೆಯೂ ಅಲುಗುವುದಿಲ್ಲ. ಹಾಗಾದರೆ ಲಾಭ ಏನು? ಅಳತೆಗಳೆಲ್ಲ ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ‘ಆಹಾ, ಎಂಥಾ ಕರಾರುವಾಕ್ಕು ಮನುಷ್ಯ’ ಅಂತ ಹೆಸರು ಬರುತ್ತದೆ. ತಿರುಚಿದ್ದು ಉತ್ತರವನ್ನಲ್ಲ, ಉತ್ತರದ ಮೇಲೆ ಎಷ್ಟು ನಂಬಿಕೆ ಇಡಬಹುದು ಅನ್ನುವುದನ್ನು. ಸರಾಸರಿ ಕೆಡದ ಕಾರಣ ಇದರಿಂದ ಹಾನಿ ಕಡಿಮೆ ಅಂತ ಬ್ಯಾಬೇಜ್ ಬರೆದರು. ಮಾಡಿದವರ ಮರ್ಯಾದೆ ಹೋಗುತ್ತದೆ, ಅಷ್ಟೆ ಅಂತ. ಇದನ್ನು ನಾನು ಒಪ್ಪುವುದಿಲ್ಲ. ಎಷ್ಟು ಅಲ್ಲಾಡಬಹುದು ಅಂತ ಗೊತ್ತಿಲ್ಲದ ಅಂಕಿಯನ್ನು ನಂಬಿ ಜನ ಸೇತುವೆ ಕಟ್ಟುತ್ತಾರೆ, ಔಷಧಿ ಕೊಡುತ್ತಾರೆ.

ಕುಕಿಂಗ್ ಅಂದರೆ ತುಂಬಾ ಸಲ ಅಳೆದು, ತನಗೆ ಬೇಕಾದ ಉತ್ತರ ಕೊಡುವವನ್ನು ಮಾತ್ರ ಇಟ್ಟುಕೊಳ್ಳುವುದು. ನೂರು ಅಳತೆ ಮಾಡಿದವನಿಗೆ ಬಡಿಸಲು ಹದಿನೈದಿಪ್ಪತ್ತು ಸಿಗದಿದ್ದರೆ ಅವನ ನಸೀಬೇ ಕೆಟ್ಟದ್ದು ಅಂತ ಬ್ಯಾಬೇಜ್ ಚುಚ್ಚುತ್ತಾರೆ. ಇಲ್ಲೂ ಒಂದೇ ಒಂದು ಅಂಕಿ ಸುಳ್ಳಲ್ಲ. ಬಿಟ್ಟದ್ದರಲ್ಲಿ ಮೋಸ ಇದೆ. ಇವತ್ತು ಇದಕ್ಕೆ ಚೆರ್ರಿ ಪಿಕಿಂಗ್ ಅನ್ನುತ್ತಾರೆ. ಸಂಶೋಧನಾ ಲೇಖನಗಳಲ್ಲಿ ಇದರ ತಮ್ಮನಿಗೆ ಪಿ-ಹ್ಯಾಕಿಂಗ್ ಅಂತ ಹೆಸರು. ಬೇಕಾದ ಫಲಿತಾಂಶ ಬರುವ ತನಕ ಒಂದೇ ಮಾಹಿತಿಯನ್ನು ಹತ್ತಾರು ರೀತಿ ಜಾಲಾಡುವುದು, ಆಮೇಲೆ ಬಂದದ್ದನ್ನು ಮಾತ್ರ ಹೇಳುವುದು.

ಆರಿಸುವುದರ ಮೂಲಕವೇ ಕೆಡಿಸುವುದು ಅಂದಾಗ ಗಾರ್ಬಲ್ ನೆನಪಾಗುತ್ತದೆ. ಇಷ್ಟು ಪದಗಳಲ್ಲಿ ಇದರ ಪ್ರಯಾಣವೇ ಎಲ್ಲಕ್ಕಿಂತ ವಿಚಿತ್ರ. ಅರಬ್ಬಿಯಲ್ಲಿ ಗಿರ್ಬಾಲ್ ಅಂದರೆ ಜರಡಿ. ಮೆಡಿಟರೇನಿಯನ್ ವ್ಯಾಪಾರಿಗಳ ಬಾಯಲ್ಲಿ, ಇಟಲಿ ದಾಟಿ, ಆ ಪದ ಇಂಗ್ಲಿಷಿಗೆ ಬಂತು. ಅಲ್ಲಿ ಗಾರ್ಬಲ್ ಮಾಡುವುದು ಅಂದರೆ ಮಸಾಲೆ ಪದಾರ್ಥಗಳನ್ನು ಜರಡಿ ಹಿಡಿದು ಕಸ ಕಡ್ಡಿ ತೆಗೆಯುವುದು. ತುಂಬಾ ಒಳ್ಳೆಯ ಕೆಲಸ. ಲಂಡನ್ನಿನಲ್ಲಿ ಗಾರ್ಬ್ಲರ್ ಆಫ್ ಸ್ಪೈಸಸ್ ಅನ್ನುವ ಅಧಿಕಾರಿಯೇ ಇದ್ದ. ಅಂಗಡಿಗಳಿಗೆ, ಉಗ್ರಾಣಗಳಿಗೆ ಹೋಗಿ ಮಸಾಲೆಯಲ್ಲಿ ಕಲಬೆರಕೆ ಇದೆಯಾ ಅಂತ ನೋಡುವ, ಜರಡಿ ಹಿಡಿಸುವ ಅಧಿಕಾರ ಅವನಿಗಿತ್ತು.

ಒಳ್ಳೆಯದನ್ನು ಆರಿಸುವುದು ಅನ್ನುವ ಅರ್ಥ ಮುಂದೆ ‘ತನಗೆ ಬೇಕಾದ್ದನ್ನು ಆರಿಸುವುದು’ ಅಂತ ಆಯಿತು. ಒಬ್ಬರ ಮಾತಿನಿಂದ ಅನುಕೂಲವಾದ ತುಂಡುಗಳನ್ನು ಎತ್ತಿ, ಉಳಿದದ್ದನ್ನು ಬಿಟ್ಟು, ಅರ್ಥವನ್ನೇ ಬೇರೆ ಮಾಡುವುದು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಗಾರ್ಬಲ್ಡ್ ಅಂತ ಕಂಡರೆ ಇದೇ ಆರೋಪ ಇರಬಹುದು. ಆಮೇಲೆ ಇನ್ನೊಂದು ತಿರುವು. ಕಲಸುಮೇಲೋಗರ ಆಗುವುದು, ಅರ್ಥವಾಗದಂತೆ ಕೆಡುವುದು ಅಂತ ಬಂತು. ಇವತ್ತು ಫೋನ್ ಸಿಗ್ನಲ್ ಸರಿ ಇಲ್ಲದೆ ಮಾತು ತುಂಡಾಗಿ ಕೇಳಿದರೆ ಗಾರ್ಬಲ್ಡ್ ಅನ್ನುತ್ತಾರೆ. ಅಂದರೆ ಮೊದಲು ಪ್ರಾಮಾಣಿಕ ಕೈ, ಆಮೇಲೆ ಕಳ್ಳ ಕೈ, ಈಗ ಯಾರ ಕೈಯೂ ಅಲ್ಲ. ಹಳೆಯ ಬರಹ ಅನುವಾದ ಮಾಡುವಾಗ ಯಾವ ಕಾಲದ ಗಾರ್ಬಲ್ ಅಂತ ನೋಡದೆ ಕೈ ಹಾಕಬೇಡಿ.

ಆರಿಸುವುದೂ ಬೇಡ, ಬಿಡುವುದೂ ಬೇಡ, ಬರೀ ಗೆರೆ ಎಳೆದೇ ಫಲಿತಾಂಶ ಬಾಗಿಸಬಹುದು. ಅದಕ್ಕೆ ಜೆರಿಮ್ಯಾಂಡರ್ ಅಂತ ಹೆಸರು. ಈ ಪದ ಹುಟ್ಟಿದ ಊರು, ತಿಂಗಳು ಎರಡೂ ಗೊತ್ತಿವೆ. ಬೋಸ್ಟನ್, ಮಾರ್ಚ್ 1812. ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್‌ಬ್ರಿಜ್ ಗೆರಿ, ತಮ್ಮ ಪಕ್ಷಕ್ಕೆ ಅನುಕೂಲ ಆಗುವಂತೆ ಸೆನೆಟ್ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿದ ಕಾನೂನಿಗೆ ಸಹಿ ಹಾಕಿದ್ದರು. ಎಸೆಕ್ಸ್ ಕೌಂಟಿಯ ಒಂದು ಕ್ಷೇತ್ರ ಉದ್ದಕ್ಕೆ ಸೊಟ್ಟಗೆ ಬಳುಕಿಕೊಂಡಿತ್ತು. ಪತ್ರಿಕೆಯವರು ಅದಕ್ಕೆ ತಲೆ, ರೆಕ್ಕೆ, ಉಗುರು ಬರೆದು ಒಂದು ವಿಕಾರ ಪ್ರಾಣಿ ಮಾಡಿದರು. ಸ್ಯಾಲಮ್ಯಾಂಡರ್ ಅನ್ನುವ ಹಲ್ಲಿಯಂಥ ಜೀವಿಯ ಹೆಸರಿಗೆ ಗೆರಿಯವರ ಹೆಸರು ಅಂಟಿಸಿ ಗೆರಿಮ್ಯಾಂಡರ್ ಅಂದರು. ಅವರ ಹೆಸರಿನಲ್ಲಿ ಇದ್ದದ್ದು ‘ಗ’. ಜನರ ಬಾಯಲ್ಲಿ ಅದು ‘ಜ’ ಆಗಿ ನಿಂತಿದೆ.

ಆ ವರ್ಷದ ಚುನಾವಣೆಯಲ್ಲಿ ಎದುರಾಳಿ ಫೆಡರಲಿಸ್ಟರಿಗೇ ಸ್ವಲ್ಪ ಜಾಸ್ತಿ ಮತ ಬಿದ್ದವು. ಆದರೂ ಸೆನೆಟ್‌ನ 40 ಸ್ಥಾನಗಳಲ್ಲಿ 29 ಗೆರಿ ಪಕ್ಷಕ್ಕೆ ಹೋದವು. ಇದು ಹೇಗೆ ಅಂತ ಕೈಯಲ್ಲೇ ಲೆಕ್ಕ ಮಾಡಬಹುದು. 50 ಮತದಾರರು, 10 ಜನಕ್ಕೊಂದರಂತೆ 5 ಕ್ಷೇತ್ರ. 30 ಜನ ಒಂದು ಪಕ್ಷ, 20 ಜನ ಇನ್ನೊಂದು. ಈಗ ಎರಡು ಕ್ಷೇತ್ರಗಳಲ್ಲಿ ದೊಡ್ಡ ಪಕ್ಷದವರನ್ನು 9, 9 ತುಂಬಿ. ಅಲ್ಲಿ ಅವರು ಭರ್ಜರಿಯಾಗಿ ಗೆಲ್ಲಲಿ. ಉಳಿದ 12 ಜನರನ್ನು ಮೂರು ಕ್ಷೇತ್ರಕ್ಕೆ 4, 4, 4 ಅಂತ ಚದುರಿಸಿ. ಅಲ್ಲೆಲ್ಲ ಚಿಕ್ಕ ಪಕ್ಷ 6ಕ್ಕೆ 4ರಲ್ಲಿ ಗೆಲ್ಲುತ್ತದೆ. 20 ಜನರ ಪಕ್ಷಕ್ಕೆ 5ರಲ್ಲಿ 3 ಸ್ಥಾನ. ಒಂದು ಮತಪತ್ರವನ್ನೂ ಯಾರೂ ಮುಟ್ಟಿಲ್ಲ. ಹಾಗಾಗಿ ಇದನ್ನು ‘ರಿಗ್ಗಿಂಗ್’ ಅಂತ ಬರೆದರೆ ತಪ್ಪು ದಾರಿಗೆ ಹೋಗುತ್ತೀರಿ. ಓದುಗರು ಮತಪೆಟ್ಟಿಗೆಯನ್ನು ಅನುಮಾನಿಸುತ್ತಾರೆ. ನೋಡಬೇಕಾದ್ದು ನಕ್ಷೆಯನ್ನು.

ನಕ್ಷೆ ಅಂದೆನಲ್ಲ, ಡಿಸ್ಟಾರ್ಟ್ ಕೂಡ ಅಲ್ಲೇ ಸಿಗುತ್ತದೆ. ಈ ಪದದ ಲ್ಯಾಟಿನ್ ಬೇರಿಗೆ ಹಿಂಡು, ತಿರುಚು ಅಂತ ಅರ್ಥ. ಅದೇ ಬೇರಿನಿಂದ ಹಿಂಸೆಗೆ ಟಾರ್ಚರ್, ಎಂಜಿನ್ನಿನ ತಿರುಗು ಬಲಕ್ಕೆ ಟಾರ್ಕ್, ಕಾನೂನಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಮಾಡುವ ಅನ್ಯಾಯಕ್ಕೆ ಟಾರ್ಟ್. ‘ರಾಂಗ್’ ಅನ್ನುವ ಸಾದಾ ಪದಕ್ಕೂ ಹಳೆಯ ಅರ್ಥ ಸೊಟ್ಟ ಅಂತಲೇ. ಇಷ್ಟೆಲ್ಲ ಹಿಂಸೆ ಬೇರಿನಲ್ಲಿದ್ದರೂ ಡಿಸ್ಟಾರ್ಷನ್ ಅಂದಾಗಲೆಲ್ಲ ಅಪರಾಧ ಇರುವುದಿಲ್ಲ. ನಕ್ಷೆಗಾರ ಮರ್ಕೇಟರ್ 1569ರಲ್ಲಿ ರೂಪಿಸಿದ ವಿಧಾನದ ಲೋಕದ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಹಾಗಂತ ಮರ್ಕೇಟರ್ ಸುಳ್ಳುಗಾರ ಅಲ್ಲ. ನಾವಿಕರಿಗೆ ದಿಕ್ಕಿನ ಕೋನ ಸರಿ ಇರಬೇಕಿತ್ತು. ಅದನ್ನು ಉಳಿಸಲು ವಿಸ್ತೀರ್ಣವನ್ನು ಬಿಟ್ಟುಕೊಟ್ಟರು. ಗೋಳದ ಮೇಲ್ಮೈಯನ್ನು ಚಪ್ಪಟೆ ಹಾಳೆಗೆ ಏನೂ ಕೆಡದಂತೆ ಇಳಿಸಲು ಆಗುವುದೇ ಇಲ್ಲ ಅನ್ನುವುದು 1827ರಲ್ಲಿ ಗಣಿತಜ್ಞ ಗೌಸ್ ಸಾಧಿಸಿದ ಪ್ರಮೇಯದಿಂದ ಗೊತ್ತಾಗುತ್ತದೆ. ಕೋನ ಬೇಕಾ, ವಿಸ್ತೀರ್ಣ ಬೇಕಾ, ಆರಿಸಿಕೊಳ್ಳಬೇಕು.

ಆ ನಕ್ಷೆಯನ್ನು ಶಾಲೆಯ ಗೋಡೆಗೆ ತೂಗುಹಾಕಿ, ದೇಶಗಳ ಗಾತ್ರ ಹೀಗಿದೆ ಅಂತ ಕಲಿಸಿದರೆ ಅದು ಬೇರೆ ಮಾತು. ಹಾಗೆ ಮಾಡಿದವರು ನಾವಿಕರಲ್ಲ.

ಉಳಿದ ಕೆಲವು ಪದಗಳನ್ನು ಬೇಗ ಮುಗಿಸುತ್ತೇನೆ. ವಾರ್ಪ್ ಹಿಂದೆ ‘ಎಸೆ’ ಅಂತ ಇತ್ತು. ಈಗ ಹಲಗೆ ತೇವಕ್ಕೆ, ಬಿಸಿಗೆ ಸೊಟ್ಟಗಾದರೆ ವಾರ್ಪ್. ನಿಧಾನವಾಗಿ ಆಗುವಂಥದ್ದು, ಮತ್ತೆ ನೇರ ಮಾಡಲು ಕಷ್ಟ. ಮನಸ್ಸಿಗೆ ಹೇಳುವಾಗಲೂ ಅದೇ ಧ್ವನಿ. ಕ್ಯಾರಿಕೇಚರ್ ಇಟಲಿಯಲ್ಲಿ ‘ಭಾರ ಹೇರು’ ಅನ್ನುವ ಮಾತಿನಿಂದ ಬಂದದ್ದು. ಮೂಗಿನ ಮೇಲೋ ಗಲ್ಲದ ಮೇಲೋ ಜಾಸ್ತಿ ಭಾರ ಹೇರಿದ ಚಿತ್ರ. ಲೋಡೆಡ್ ಪ್ರಶ್ನೆಯಲ್ಲೂ ಅದೇ ಭಾರ ಇದೆ, ಒಳಗೆ ಸೀಸ ಇಟ್ಟ ದಾಳದಲ್ಲೂ. ಇನ್ನು ಫಡ್ಜ್ ಮಾಡುವುದು ಅಂದರೆ ಸರಿಯಾಗಿ ಕೂರದ ಅಂಕಿಯನ್ನು ಹೇಗೋ ಒತ್ತಿ ಕೂರಿಸುವುದು. ಇದರಲ್ಲಿ ದುರುದ್ದೇಶಕ್ಕಿಂತ ಸೋಮಾರಿತನ ಜಾಸ್ತಿ.

ಇನ್ನು ಪ್ರಶ್ನೆಗಳು. ‘ಬಯಾಸ್‌ಗೆ ಪಕ್ಷಪಾತ ಅಂತ ಬರೆಯಬಾರದು ಅಂತೀರಾ?’ ಅಂತ ಒಬ್ಬರು ಕೇಳಿದರು. ಮನುಷ್ಯರ ಬಗ್ಗೆ ಆದರೆ ಧಾರಾಳವಾಗಿ ಬರೆಯಿರಿ. ನ್ಯಾಯಾಧೀಶರು, ಅಂಪೈರು, ಸಂಪಾದಕರು, ಇವರೆಲ್ಲ ಪಕ್ಷ ವಹಿಸಬಲ್ಲವರು. ತಕ್ಕಡಿ, ಪಟ್ಟಿ, ಸೂತ್ರ ಇವು ಪಕ್ಷ ವಹಿಸುವುದಿಲ್ಲ. ಅಲ್ಲಿ ‘ವಾಲಿದೆ’, ‘ಒಂದೇ ಕಡೆಗೆ ತಪ್ಪು ತೋರಿಸುತ್ತದೆ’ ಅನ್ನಬಹುದು. ಎರಡು ಪದ ಜಾಸ್ತಿ ಆದರೆ ಆಗಲಿ. ತಲೆಬರಹದಲ್ಲಿ ಜಾಗ ಇಲ್ಲ ಅಂತ ಅವರು ನಕ್ಕರು. ಜಾಗ ಇಲ್ಲದಿದ್ದರೆ ಬಯಾಸ್ ಅಂತಲೇ ಇಡಿ. ಓದುಗರಿಗೆ ಈಗ ಅದು ಹೊಸ ಪದವೇನಲ್ಲ.

ಎರಡನೆಯ ಪ್ರಶ್ನೆ ಕೃತಕ ಬುದ್ಧಿಮತ್ತೆಯ ಬಗ್ಗೆ. ‘ಯಂತ್ರ ತಪ್ಪು ಮಾಡಿದಾಗ ಕೈ ಯಾರದು?’ ಅಂತ. ಒಂದು ನಿಜ ಪ್ರಸಂಗ ಹೇಳುತ್ತೇನೆ. ಅಮೆಜಾನ್ ಕಂಪನಿ ಕೆಲಸದ ಅರ್ಜಿಗಳಿಗೆ ಅಂಕ ಕೊಡುವ ಒಂದು ಪ್ರೋಗ್ರಾಂ ಮಾಡಿ, ಆಮೇಲೆ ಕೈಬಿಟ್ಟಿತು ಅಂತ ರಾಯಿಟರ್ಸ್ 2018ರಲ್ಲಿ ವರದಿ ಮಾಡಿತು. ಹಿಂದಿನ 10 ವರ್ಷಗಳಲ್ಲಿ ಬಂದ ಅರ್ಜಿಗಳನ್ನು ನೋಡಿ ಅದು ಕಲಿತಿತ್ತು. ಆ ಅರ್ಜಿಗಳಲ್ಲಿ ಗಂಡಸರದ್ದೇ ಜಾಸ್ತಿ. ಹಾಗಾಗಿ ‘ಮಹಿಳೆಯರ’ ಅನ್ನುವ ಪದ ಕಂಡ ಅರ್ಜಿಗಳಿಗೆ, ಮಹಿಳಾ ಕ್ಲಬ್ಬಿನ ನಾಯಕಿ ಅನ್ನುವಂಥ ಕಡೆ, ಅದು ಅಂಕ ಕಡಿಮೆ ಕೊಡುತ್ತಿತ್ತು.

ಇಲ್ಲಿ ಒಂದೊಂದು ಪದವೂ ತನ್ನ ಜಾಗದಲ್ಲಿ ಕೂರುತ್ತದೆ ನೋಡಿ. ಕಲಿಕೆಗೆ ಕೊಟ್ಟ ಅರ್ಜಿಗಳು ಸ್ಕ್ಯೂಡ್. ಅದರಿಂದ ಬಂದ ಅಂಕಗಳು ಬಯಾಸ್ಡ್. ಯಾರೂ ಏನನ್ನೂ ಡಾಕ್ಟರ್ ಮಾಡಿಲ್ಲ, ಕುಕ್ ಮಾಡಿಲ್ಲ. ಹಾಗಾದರೆ ಯಾರೂ ಹೊಣೆ ಅಲ್ವಾ ಅಂತ ಅವರು ಮತ್ತೆ ಕೇಳಿದರು. ಹೊಣೆ ಇದೆ. ಇಂಥ ಅರ್ಜಿಗಳಿಂದ ಕಲಿಸೋಣ ಅಂತ ತೀರ್ಮಾನ ಮಾಡಿದವರು ಮನುಷ್ಯರೇ, ಪರೀಕ್ಷಿಸಿ ನಿಲ್ಲಿಸಿದವರೂ ಮನುಷ್ಯರೇ. ಆದರೆ ಅದು ಎಚ್ಚರ ತಪ್ಪಿದ ಹೊಣೆ. ಅಂಕಿ ಬದಲಿಸಿದ ಅಪರಾಧ ಅಲ್ಲ. ಆ ವರದಿಯನ್ನು ನಾನು ಕನ್ನಡಕ್ಕೆ ತರುವುದಾದರೆ ‘ಗಂಡಸರದ್ದೇ ಜಾಸ್ತಿ ಇದ್ದ ಅರ್ಜಿಗಳಿಂದ ಕಲಿತ ಯಂತ್ರ ಹೆಂಗಸರಿಗೆ ಅಂಕ ಕಡಿಮೆ ಕೊಟ್ಟಿತು’ ಅಂತ ಬರೆಯುತ್ತೇನೆ. ‘ತಿರುಚು’ ಅನ್ನುವ ಪದ ಅಲ್ಲಿ ಎಲ್ಲೂ ಬರುವುದಿಲ್ಲ.